ಹಿಮ ಬೀಳದ ನಾಡಿನಲ್ಲಿ ಸಾಲ್ವಿಯ

ಚಿಕ್ಕಬಳ್ಳಾಪುರದಲ್ಲಿ ನಮ್ಮ ಮನೆಯ ಹಿತ್ತಿಲ ಬಾಗಿಲಲ್ಲಿ ನಿಂತರೆ ನೈಋತ್ಯಕ್ಕೆ ನಂದಿಬೆಟ್ಟದ ಬೆನ್ನು ಕಾಣುತ್ತದೆ. ಆ ಕಡೆಯ ಗೋಡೆಯ ಪಕ್ಕದಲ್ಲಿ ಒಂದು ಪೊದೆಯುಂಟು. ಮಳೆಗಾಲವೆಲ್ಲ ಬೂದುಹಸಿರಿನ ನೀಳವಾದ ಎಲೆಗಳನ್ನು ಬಿಟ್ಟುಕೊಂಡು ಯಾರ ಕಣ್ಣಿಗೂ ಬೀಳದೆ ಬೆಳೆಯುವ ಈ ಗಿಡ, ದೀಪಾವಳಿ ಕಳೆದು ಹಗಲು ಮೊಟಕಾಗುತ್ತ ಬಂದಂತೆ ತುದಿತುದಿಯಲ್ಲಿಯೂ ಮಕಮಲ್ಲಿನಂಥ ನೇರಳೆ ಬಣ್ಣದ ಕದಿರುಗಳನ್ನು ಚಾಚುತ್ತದೆ. ಮಾರ್ಗಶಿರ, ಪುಷ್ಯ ಮಾಸಗಳ ಮಂಜಿನಲ್ಲಿ ಅದರ ಸೊಬಗನ್ನು ನೋಡಿದವರು, "ಈ ಸಲ ಹಾಕಿದ ಗಿಡವೇನ್ರಿ?" ಎಂದು ಕೇಳುವುದುಂಟು. ಅದಕ್ಕೆ ಈಗ ಏಳನೆಯ ವರ್ಷ.

ಮನೆಯಿಂದ ನಾನು ನಡೆದುಹೋಗುವ ದಾರಿಯಲ್ಲಿ ಒಂದು ಕಚೇರಿಯ ಅಂಗಳವಿದೆ. ಅಲ್ಲಿಯೂ ಪ್ರತಿ ವರ್ಷ ಇದೇ ಕುಲದ ಇನ್ನೊಂದು ಹೂವನ್ನು ಬೆಳೆಸುತ್ತಾರೆ. ಅದು ಬೆಂಕಿಯಂತೆ ಕೆಂಪಗಿರುವ, ನಮಗೆಲ್ಲ ಪರಿಚಿತವಾದ ಸಾಲ್ವಿಯ. ಗಣರಾಜ್ಯೋತ್ಸವದ ಧ್ವಜಕಂಬದ ಸುತ್ತ ಸಾಲುಗಟ್ಟಿ ನಿಂತು ಮೆರೆಯುವ ಆ ಗಿಡಗಳು ಶಿವರಾತ್ರಿಯ ವೇಳೆಗೆ ಬೇರುಸಹಿತ ಕಿತ್ತು ಕಸದ ರಾಶಿ ಸೇರಿರುತ್ತವೆ. ಬರುವ ಮಳೆಗಾಲದ ಕೊನೆಗೆ ಮತ್ತೆ ಬೀಜ, ಮತ್ತೆ ಸಸಿ, ಮತ್ತೆ ಪಾತಿ. ಸೋಜಿಗದ ಸಂಗತಿಯೆಂದರೆ, ಸ್ವಭಾವತಃ ಈ ಕೆಂಪು ಸಾಲ್ವಿಯವೂ ಬಹುವಾರ್ಷಿಕ ಸಸ್ಯವೇ. ಹುಟ್ಟಿದ ನಾಡಿನಲ್ಲಿ ಅದು ವರ್ಷಗಟ್ಟಲೆ ಬದುಕುವ ಗಿಡ. ಹಾಗಿದ್ದರೆ ನಮ್ಮಲ್ಲಿ ಅದಕ್ಕೆ ಒಂದೇ ಹಂಗಾಮಿನ ಆಯುಸ್ಸನ್ನು ವಿಧಿಸಿದವರು ಯಾರು? ಈ ಪ್ರಶ್ನೆಯ ಬೆನ್ನು ಹತ್ತಿ ಹೋದರೆ ಒಂದು ಹೂವಿನ ಚರಿತ್ರೆಯ ಜೊತೆಗೆ ನಮ್ಮ ತೋಟಗಾರಿಕೆಯ ಚರಿತ್ರೆಯ ಒಂದು ಮಗ್ಗುಲೂ ತೆರೆದುಕೊಳ್ಳುತ್ತದೆ.

ಮೊದಲು ಈ ಗಿಡದ ಕುಲಗೋತ್ರಗಳನ್ನು ನೋಡೋಣ. ಸಾಲ್ವಿಯದ ಎಳೆಯ ಕಾಂಡವನ್ನು ಬೆರಳುಗಳ ನಡುವೆ ಹೊರಳಿಸಿದರೆ ಅದು ದುಂಡಗಿಲ್ಲ, ನಾಲ್ಕು ಮೂಲೆಯದು ಎಂಬುದು ತಿಳಿಯುತ್ತದೆ. ಎಲೆಗಳು ಎದುರುಬದುರಾಗಿ, ಒಂದು ಜೋಡಿಗೆ ಮೇಲಿನ ಜೋಡಿ ಅಡ್ಡವಾಗಿ ಕೂತಿರುತ್ತವೆ. ಎಲೆಯನ್ನು ಹೊಸಕಿದರೆ ಘಾಟು ಬರುತ್ತದೆ. ಮನೆಯ ಮುಂದಿನ ತುಳಸಿಯಲ್ಲಿಯೂ, ಕಾಮಕಸ್ತೂರಿಯಲ್ಲಿಯೂ, ಪುದೀನದಲ್ಲಿಯೂ ಇರುವ ಲಕ್ಷಣಗಳೇ ಇವು. ಇವೆಲ್ಲ ಒಂದೇ ಕುಟುಂಬದವು. ಲ್ಯಾಟಿನ್ ಭಾಷೆಯಲ್ಲಿ ಕ್ಷೇಮ, ಆರೋಗ್ಯ ಎಂಬರ್ಥದ ಮಾತಿನಿಂದ ಸಾಲ್ವಿಯ ಎಂಬ ಹೆಸರು ಬಂತು. ಏಕೆಂದರೆ ಯೂರೋಪಿನವರು ಮೊದಲು ಬಲ್ಲ ಸಾಲ್ವಿಯ ಅಡುಗೆಗೂ ಔಷಧಕ್ಕೂ ಬಳಸುವ ಮೂಲಿಕೆಯಾಗಿತ್ತು. ಸ್ವೀಡನ್ನಿನ ಲಿನ್ನೇಯಸ್ 1753ರಲ್ಲಿ ತನ್ನ ಸಸ್ಯಗ್ರಂಥದಲ್ಲಿ ಆ ಹೆಸರನ್ನು ಇಡೀ ಕುಲಕ್ಕೆ ನಿಲ್ಲಿಸಿದ. ಈಗ ಆ ಕುಲದಲ್ಲಿ 900ಕ್ಕೂ ಮಿಕ್ಕಿದ ಪ್ರಭೇದಗಳನ್ನು ಎಣಿಸುತ್ತಾರೆ. 2010ರ ದಶಕದಲ್ಲಿ ಮೈಸೂರು ಸೀಮೆಯ ರೈತರು ಬೆಳೆಯತೊಡಗಿದ ಚಿಯಾ ಕಾಳು ಈ ಕುಲದ್ದೇ. ರೋಸ್‌ಮರಿ ಎಂಬ ಸುಗಂಧದ ಗಿಡವನ್ನೂ 2017ರಲ್ಲಿ ಸಸ್ಯಶಾಸ್ತ್ರಜ್ಞರು ಸಾಲ್ವಿಯದ ಬಳಗಕ್ಕೆ ಸೇರಿಸಿದರು.

ತೋಟದ ಅಂದಕ್ಕಾಗಿ ನಾವು ಬೆಳೆಸುವ ಸಾಲ್ವಿಯಗಳ ತವರು ಮಾತ್ರ ಹೆಚ್ಚಾಗಿ ಅಮೆರಿಕ ಖಂಡಗಳು. ನನ್ನ ಹಿತ್ತಿಲ ನೇರಳೆಯ ಪೊದೆ ಮೆಕ್ಸಿಕೋ ದೇಶದ್ದು. ಅದರ ಶಾಸ್ತ್ರೀಯ ನಾಮಧೇಯ ಸಾಲ್ವಿಯ ಲ್ಯೂಕಾಂತ. ಅಂದರೆ ಬಿಳಿಯ ಹೂವಿನದು. ನೇರಳೆಗೆ ಬಿಳಿಯೆಂದು ಹೆಸರಿಟ್ಟರಲ್ಲ ಎಂದು ನಗಬೇಕಾಗಿಲ್ಲ. ನಾವು ದೂರದಿಂದ ನೋಡಿ ಹೂವೆಂದುಕೊಳ್ಳುವುದು ಅದರ ಪುಷ್ಪಪಾತ್ರೆಯನ್ನು. ನಿಜವಾದ ಹೂ ಅದರ ಬಾಯಿಂದ ಇಣುಕುವ ಬಿಳಿಯ ಸಣ್ಣ ನಾಳ. ನಾಲ್ಕು ದಿನಕ್ಕೆ ಅದು ಉದುರಿಹೋದರೂ ಬಣ್ಣದ ಪಾತ್ರೆ ವಾರಗಟ್ಟಲೆ ನಿಲ್ಲುತ್ತದೆ. ಸಾಲ್ವಿಯದ ಪಾತಿ ಬಹುಕಾಲ ಬಣ್ಣಗೆಡದೆ ಇರುವುದರ ಗುಟ್ಟು ಇದೇ.

ಈ ಗಿಡವನ್ನು ಹೆಸರಿಟ್ಟು ವರ್ಣಿಸಿದವನು ಸ್ಪೇನ್ ದೇಶದ ಕವನೀಯೆಸ್ ಎಂಬ ಪಾದ್ರಿ. ಆಗ ಮೆಕ್ಸಿಕೋ ಸ್ಪೇನಿನ ಆಳ್ವಿಕೆಯಲ್ಲಿತ್ತು. ಅಲ್ಲಿಯ ಬೀಜಗಳು ಮಾಡ್ರಿಡ್ ನಗರದ ರಾಜತೋಟಕ್ಕೆ ಬರುತ್ತಿದ್ದವು. ಕವನೀಯೆಸನ ವರ್ಣನೆ ಅಚ್ಚಾದದ್ದು 1791ರಲ್ಲಿ. ಅದೇ 1791ರ ಅಕ್ಟೋಬರ್ ತಿಂಗಳಲ್ಲಿ ಕಾರ್ನ್‌ವಾಲಿಸನ ಸೈನ್ಯ ನಂದಿದುರ್ಗವನ್ನು ಟಿಪ್ಪುವಿನ ಕಾವಲಿನವರಿಂದ ಕಿತ್ತುಕೊಂಡಿತು. ಈ ಎರಡು ಘಟನೆಗಳಿಗೆ ನೇರವಾದ ಸಂಬಂಧವೇನೂ ಇಲ್ಲ. ಆದರೂ ಸಾಮ್ರಾಜ್ಯಗಳು ಕೋಟೆಗಳನ್ನು ಗೆಲ್ಲುತ್ತಿದ್ದ ಹೊತ್ತಿನಲ್ಲಿಯೇ ಗಿಡಗಳೂ ಒಂದು ಖಂಡದಿಂದ ಇನ್ನೊಂದು ಖಂಡಕ್ಕೆ ಹಡಗು ಹತ್ತುತ್ತಿದ್ದವು ಎಂಬುದನ್ನು ಮರೆಯುವಂತಿಲ್ಲ. ಮುಂದೆ ಮೆಕ್ಸಿಕೋದ ಈ ಗಿಡ ನಂದಿಯ ತಪ್ಪಲಿನಲ್ಲಿ ಬೇರು ಬಿಡುವಂತಾದುದಕ್ಕೆ ಆ ಎರಡು ಬಗೆಯ ಚಲನೆಗಳೂ ಕಾರಣ.

ಕೆಂಪು ಸಾಲ್ವಿಯದ ಕಥೆ ಇನ್ನೊಂದು ದಿಕ್ಕಿನದು. ಅದರ ತವರು ಬ್ರೆಜಿಲ್. ಜರ್ಮನಿಯ ಫ್ರೆಡ್ರಿಕ್ ಸೆಲ್ಲೋ ಎಂಬ ಸಸ್ಯಸಂಗ್ರಾಹಕ 1814ರಿಂದ ಬ್ರೆಜಿಲಿನ ಕಾಡುಗಳಲ್ಲಿ ಅಲೆದು ಸಾವಿರಾರು ಸಸ್ಯಗಳನ್ನು ಯೂರೋಪಿಗೆ ಕಳುಹಿಸಿಕೊಟ್ಟ. 1831ರಲ್ಲಿ ಅಲ್ಲಿಯ ಡೋಸೆ ನದಿಯಲ್ಲಿ ಮುಳುಗಿ ಸತ್ತ. ಕೆಂಪು ಸಾಲ್ವಿಯದ ಶಾಸ್ತ್ರೀಯ ನಾಮದ ಬೆನ್ನಿಗೆ ಅವನ ಹೆಸರು ಇಂದಿಗೂ ಅಂಟಿಕೊಂಡಿದೆ. ಅದು ಯೂರೋಪಿನ ತೋಟಗಳನ್ನು ಸೇರಿದ್ದು 1822ರಲ್ಲಿ. ಹುಟ್ಟೂರಿನಲ್ಲಿ ಆಳೆತ್ತರಕ್ಕೆ ಸಮೀಪವಾಗಿ ಬೆಳೆಯುವ ಆ ಗಿಡವನ್ನು ಅಲ್ಲಿಯ ತೋಟಗಾರರು ಪೀಳಿಗೆಯಿಂದ ಪೀಳಿಗೆಗೆ ಆರಿಸುತ್ತ ಮೊಣಕಾಲೆತ್ತರಕ್ಕೆ, ಕೊನೆಗೆ ಗೇಣೆತ್ತರಕ್ಕೆ ಇಳಿಸಿದರು.

ಆದರೆ ಅವರಿಗೊಂದು ತೊಡಕಿತ್ತು. ಇಂಗ್ಲೆಂಡಿನಲ್ಲಿ, ಜರ್ಮನಿಯಲ್ಲಿ ಚಳಿಗಾಲ ಬಂದರೆ ನೆಲದ ಮೇಲೆ ಹಿಮ ಕಟ್ಟುತ್ತದೆ. ಬ್ರೆಜಿಲಿನ ಸೌಮ್ಯವಾದ ಹವೆಗೆ ಒಗ್ಗಿದ ಗಿಡ ಮೊದಲನೆಯ ಹಿಮಪಾತಕ್ಕೇ ಕಪ್ಪಿಟ್ಟು ಸಾಯುತ್ತದೆ. ಆದುದರಿಂದ ಚಳಿಗಾಲದ ಕೊನೆಯಲ್ಲಿ ಗಾಜಿನ ಮನೆಯೊಳಗೆ ಬೀಜ ಬಿತ್ತಿ, ಬೇಸಗೆಯ ಮೊದಲಿಗೆ ಸಸಿಗಳನ್ನು ಹೊರಗಿನ ಪಾತಿಗೆ ನೆಟ್ಟು, ಶರತ್ಕಾಲದಲ್ಲಿ ಹಿಮಕ್ಕೆ ಮೊದಲೇ ಕಿತ್ತೆಸೆಯುವುದು ಅವರಿಗೆ ಅನಿವಾರ್ಯವಾಯಿತು. 1845ರಲ್ಲಿ ಬ್ರಿಟನ್ನಿನ ಸರ್ಕಾರ ಗಾಜಿನ ಮೇಲಿನ ತೆರಿಗೆಯನ್ನು ತೆಗೆದುಹಾಕಿದ ಮೇಲೆ ಗಾಜಿನ ಮನೆಗಳು ಅಗ್ಗವಾದವು. ಶ್ರೀಮಂತರ ಬಂಗಲೆಗಳ ಮುಂದೆಯೂ ನಗರಗಳ ಉದ್ಯಾನಗಳಲ್ಲಿಯೂ ರತ್ನಗಂಬಳಿ ಹಾಸಿದಂತೆ ಪಾತಿಗಳನ್ನು ಬಣ್ಣಬಣ್ಣದ ಗಿಡಗಳಿಂದ ತುಂಬಿ, ಹಂಗಾಮು ಮುಗಿದೊಡನೆ ತೆರವು ಮಾಡುವ ಪದ್ಧತಿ ವಿಕ್ಟೋರಿಯಾ ರಾಣಿಯ ಕಾಲದ ದೊಡ್ಡ ಷೋಕಿಯಾಯಿತು. ಬಹುವಾರ್ಷಿಕವಾದ ಕೆಂಪು ಸಾಲ್ವಿಯ ತೋಟದ ಪುಸ್ತಕಗಳಲ್ಲಿ ಏಕವಾರ್ಷಿಕಗಳ ಸಾಲಿಗೆ ಸೇರಿದ್ದು ಹೀಗೆ. ಅದರ ಆಯುಸ್ಸನ್ನು ನಿಗದಿಪಡಿಸಿದ್ದು ಅಲ್ಲಿಯ ಹಿಮ.

ಇಂಗ್ಲೆಂಡಿನಲ್ಲಿಯೇ ಈ ಷೋಕಿಗೆ ಪ್ರತಿಭಟನೆ ಬಂತು ಎಂಬುದನ್ನೂ ಹೇಳಬೇಕು. ವಿಲಿಯಂ ರಾಬಿನ್ಸನ್ ಎಂಬ ಐರಿಷ್ ತೋಟಗಾರ 1870ರಲ್ಲಿ 'ದಿ ವೈಲ್ಡ್ ಗಾರ್ಡನ್' ಎಂಬ ಪುಸ್ತಕವನ್ನೂ, 1883ರಲ್ಲಿ 'ದಿ ಇಂಗ್ಲಿಷ್ ಫ್ಲವರ್ ಗಾರ್ಡನ್' ಎಂಬುದನ್ನೂ ಬರೆದು, ವರ್ಷವರ್ಷವೂ ಕಿತ್ತು ನೆಡುವ ಪಾತಿಗಳನ್ನು ಕಟುವಾಗಿ ಟೀಕಿಸಿದ. ತನ್ನ ನೆಲದಲ್ಲಿ ತಾನೇ ಬಾಳಿಕೊಳ್ಳಬಲ್ಲ ಗಿಡಗಳನ್ನು ನೆಡಬೇಕು ಎಂಬುದು ಅವನ ವಾದದ ತಿರುಳು.

ಇನ್ನು ನಮ್ಮ ಕಡೆಗೆ ಬರೋಣ. ತೋಟವೆಂದರೆ ಹಂಗಾಮಿನ ಹೂಪಾತಿ ಎಂಬ ಕಲ್ಪನೆ ಕನ್ನಡ ನಾಡಿನಲ್ಲಿ ಹಳೆಯದಲ್ಲ. 1025ರ ಸುಮಾರಿನಲ್ಲಿ ಚಾಲುಕ್ಯರ ಆಶ್ರಯದಲ್ಲಿದ್ದ ಎರಡನೆಯ ಚಾವುಂಡರಾಯ ಬರೆದ 'ಲೋಕೋಪಕಾರ'ದಲ್ಲಿ ವೃಕ್ಷಾಯುರ್ವೇದಕ್ಕೆ ಒಂದು ಭಾಗ ಮೀಸಲಾಗಿದೆ. ಆಯುರ್ವೇದ ಎಂಬ ಮಾತೇ ಹೇಳುವಂತೆ ಅದು ಗಿಡಮರಗಳಿಗೆ ರೋಗ ಬಂದರೆ ಚಿಕಿತ್ಸೆ ಮಾಡಿ ಬಾಳಿಸುವ ಶಾಸ್ತ್ರ. ಹೈದರಾಲಿ 1760ರಲ್ಲಿ ಬೆಂಗಳೂರಿನ ಲಾಲ್‌ಬಾಗನ್ನು ಆರಂಭಿಸಿದ. ಟಿಪ್ಪು ಅದನ್ನು ಬೆಳೆಸಿದ. 1800ರಲ್ಲಿ ಅದನ್ನು ಕಂಡ ಫ್ರಾನ್ಸಿಸ್ ಬುಕಾನನ್, ಆ ತೋಟ ಚೌಕಚೌಕವಾಗಿ ವಿಭಾಗಗೊಂಡಿತ್ತೆಂದೂ, ಒಂದೊಂದು ಚೌಕದಲ್ಲಿ ಒಂದೊಂದೇ ಜಾತಿಯ ಗಿಡ, ಅಂದರೆ ಒಂದು ಕಡೆ ಬರಿಯ ಗುಲಾಬಿ, ಇನ್ನೊಂದು ಕಡೆ ಬರಿಯ ದಾಳಿಂಬೆ, ದಾರಿಗಳ ಅಂಚಿಗೆ ಸೈಪ್ರೆಸ್ ಮರಗಳು ಇದ್ದುವೆಂದೂ ದಾಖಲಿಸಿದ್ದಾನೆ. ನೆಟ್ಟದ್ದು ಬಹುಕಾಲ ಬಾಳುವ ತೋಟ ಅದು.

1856ರಲ್ಲಿ ಲಾಲ್‌ಬಾಗ್ ಸರ್ಕಾರಿ ಸಸ್ಯತೋಟವಾಯಿತು. 1858ರಲ್ಲಿ ಲಂಡನ್ನಿನ ಕ್ಯೂ ಸಸ್ಯತೋಟದಿಂದ ವಿಲಿಯಂ ನ್ಯೂ ಬಂದ. 1874ರಿಂದ ಮೂರು ದಶಕಗಳಿಗೂ ಮಿಕ್ಕಿ ಜಾನ್ ಕ್ಯಾಮರಾನ್ ಅದರ ಮೇಲ್ವಿಚಾರಕನಾಗಿದ್ದ. ನಾವಿಂದು ಸಾರಿಗೆ ಹಾಕುವ ಸೀಮೆಬದನೆಯನ್ನು ಈ ಕಡೆ ತಂದು ಹಬ್ಬಿಸಿದವನು ಅವನೇ. 1889ರ ನವೆಂಬರಿನಲ್ಲಿ ಅಲ್ಲಿಯ ಗಾಜಿನ ಮನೆಗೆ ಅಸ್ತಿಭಾರ ಬಿತ್ತು. ಲಂಡನ್ನಿನಲ್ಲಿ ಗಾಜಿನ ಮನೆ ಗಿಡಗಳನ್ನು ಚಳಿಯಿಂದ ಕಾಪಾಡುವ ಸಾಧನ. ಚಳಿಯ ಭಯವಿಲ್ಲದ ಬೆಂಗಳೂರಿನಲ್ಲಿ ಅದು ಹೂಗಳನ್ನು ಪ್ರದರ್ಶಿಸುವ ಮಂಟಪವಾಯಿತು. ಈ ಒಂದು ಸಂಗತಿಯಲ್ಲಿ ನಮ್ಮ ಹೂದೋಟಗಳ ಮುಂದಿನ ಚರಿತ್ರೆಯೆಲ್ಲ ಅಡಗಿದೆ ಎನ್ನಬಹುದು. ಸಲಕರಣೆ ಬಂತು, ಅದರ ಕಾರಣ ಅಲ್ಲಿಯೇ ಉಳಿಯಿತು. ಬೀಜದ ಪೊಟ್ಟಣದೊಂದಿಗೆ ಅದರ ಬೆನ್ನಿನ ಮೇಲೆ ಅಚ್ಚಾದ ಪಂಚಾಂಗವೂ ಬಂತು. ಹಿಮ ಬೀಳದ ನೆಲದಲ್ಲಿಯೂ ನಾವು ಹಿಮದ ಪಂಚಾಂಗವನ್ನು ಪಾಲಿಸತೊಡಗಿದೆವು.

ಇಲ್ಲಿ ಜರ್ಮನಿಯಲ್ಲಿ ಹುಟ್ಟಿದ ಗುಸ್ತಾವ್ ಹರ್ಮನ್ ಕ್ರುಂಬಿಗಲ್ ಅವರನ್ನು ನೆನೆಯದೆ ಮುಂದೆ ಹೋಗಲಾಗದು. 1908ರಲ್ಲಿ ಲಾಲ್‌ಬಾಗಿನ ಹೊಣೆ ಹೊತ್ತ ಅವರು 1932ರವರೆಗೆ ಮೈಸೂರು ಸಂಸ್ಥಾನದ ತೋಟಗಳನ್ನು ರೂಪಿಸಿ, 1956ರಲ್ಲಿ ಬೆಂಗಳೂರಿನಲ್ಲಿಯೇ ತೀರಿಕೊಂಡರು. ಬೀದಿಯ ಇಕ್ಕೆಲಗಳಲ್ಲಿ ಒಂದು ಮರದ ಹೂ ಮುಗಿಯುವ ಹೊತ್ತಿಗೆ ಇನ್ನೊಂದು ಮರ ಹೂ ಬಿಡಬೇಕು, ಹೀಗೆ ವರ್ಷವಿಡೀ ನಗರ ಬಣ್ಣಗೆಡಬಾರದು ಎಂಬುದು ಅವರ ಯೋಜನೆ. ಈ ನಾಡಿನ ಋತುಚಕ್ರವನ್ನು ಕಣ್ಣಾರೆ ನೋಡಿ, ಅದಕ್ಕೆ ಹೊಂದಿಸಿಕೊಂಡ ಯೋಜನೆ ಅದು. ಮರಗಳ ವಿಷಯದಲ್ಲಿ ಇಂಥ ವಿವೇಕ ನಡೆಯಿತು. ಆದರೆ ಆ ಮರಗಳ ಬುಡದ ಹೂಪಾತಿಗಳಲ್ಲಿ ಮಾತ್ರ ನೆಟ್ಟು ಕೀಳುವ ಪದ್ಧತಿಯೇ ನಿಂತುಬಿಟ್ಟಿತು. ನಗರದಿಂದ ಜಿಲ್ಲೆಯ ಊರುಗಳ ಶಾಲೆಗಳಿಗೂ, ಪ್ರವಾಸಿ ಮಂದಿರಗಳಿಗೂ, ಕಚೇರಿಗಳಿಗೂ ಹಬ್ಬಿತು.

ಈಗ ಮೆಕ್ಸಿಕೋ ದೇಶದ ಬೆಟ್ಟಸೀಮೆಯನ್ನು ನೆನಪಿಗೆ ತಂದುಕೊಳ್ಳಿ. ಅಲ್ಲಿ ಮಳೆ ಬೇಸಗೆಯ ತಿಂಗಳುಗಳಲ್ಲಿ ಬರುತ್ತದೆ, ಚಳಿಗಾಲ ಒಣಗಾಲ. ಬಿಸಿಲು ಪ್ರಖರ, ರಾತ್ರಿ ತಂಪು. ಚಿಕ್ಕಬಳ್ಳಾಪುರವೂ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ನಂದಿಯ ನೆತ್ತಿ 1,478 ಮೀಟರ್. ನಮ್ಮಲ್ಲಿಯೂ ಜೂನಿನಿಂದ ಅಕ್ಟೋಬರಿನವರೆಗೆ ಮಳೆ. ಅನಂತರ ತಂಪಾದ, ಒಣಗಿದ ಚಳಿಗಾಲ. ಹಾಗಾಗಿ ಇಂಗ್ಲೆಂಡಿನಲ್ಲಿ ಗಾಜಿನ ಮನೆಯ ಆಸರೆ ಬೇಡುವ ಮೆಕ್ಸಿಕೋದ ಸಾಲ್ವಿಯ ನಮ್ಮಲ್ಲಿ ಬೇಲಿಯ ಪಕ್ಕದಲ್ಲಿ ನಿಶ್ಚಿಂತೆಯಿಂದ ಬಾಳುತ್ತದೆ. ಇದರ ಇನ್ನೊಂದು ಮುಖವೂ ಉಂಟು. ಇಂಗ್ಲಿಷ್ ಪುಸ್ತಕಗಳು ಬಹುವಾರ್ಷಿಕ ಸಾಲ್ವಿಯವೆಂದು ಹೊಗಳುವುದು ಹೆಚ್ಚಾಗಿ ಯೂರೋಪಿನ ಹುಲ್ಲುಗಾವಲಿನ ನೆಮರೋಸ ಎಂಬ ಪ್ರಭೇದವನ್ನು. ಅದು ಚಳಿಗಾಲದಲ್ಲಿ ನೆಲದೊಳಕ್ಕೆ ಅಡಗಿ ನಿದ್ರಿಸಿ, ವಸಂತದಲ್ಲಿ ಚಿಗುರುವ ಗಿಡ. ಆ ಗಾಢವಾದ ಚಳಿಯ ನಿದ್ರೆ ನಮ್ಮ ಬಯಲುಸೀಮೆಯಲ್ಲಿ ಅದಕ್ಕೆ ಸಿಗುವುದಿಲ್ಲ. ಆದ್ದರಿಂದ ಅದು ಸೊರಗುತ್ತದೆ. ಅವರ ಏಕವಾರ್ಷಿಕ ನಮಗೆ ಬಹುವಾರ್ಷಿಕ. ಅವರ ಬಹುವಾರ್ಷಿಕ ನಮ್ಮಲ್ಲಿ ನಿಲ್ಲದು. ಪುಸ್ತಕದ ಮಾತನ್ನು ಎಷ್ಟರಮಟ್ಟಿಗೆ ನಂಬಬೇಕೆಂಬುದನ್ನು ನೆಲವನ್ನು ಕೇಳಿಯೇ ತೀರ್ಮಾನಿಸಬೇಕು.

ನೆಲವನ್ನು ಕೇಳಬಲ್ಲವರು ನಮ್ಮ ಸೀಮೆಯಲ್ಲಿ ಇಲ್ಲದೆ ಇರಲಿಲ್ಲ. 2007ರಲ್ಲಿ ಕೋಲಾರದಿಂದ ಬೇರೆಯಾದ ನಮ್ಮ ಜಿಲ್ಲೆಯಲ್ಲಿ ಶಿಡ್ಲಘಟ್ಟದ ಹೆಸರು ರೇಷ್ಮೆಯಿಂದ ನಾಡಿಗೆಲ್ಲ ಪರಿಚಿತ. ಅಲ್ಲಿಯ ಹಿಪ್ಪುನೇರಳೆ ತೋಟವನ್ನು ನೋಡಿ. ಬುಡದ ಸಮೀಪಕ್ಕೆ ಸವರಿಬಿಟ್ಟರೆ ಗಿಡ ಸಾಯುವುದಿಲ್ಲ, ಬದಲಾಗಿ ಹುಳುವಿಗೆ ಬೇಕಾದ ಎಳೆಯ ಸೊಪ್ಪನ್ನು ಒತ್ತೊತ್ತಾಗಿ ಕೊಡುತ್ತದೆ ಎಂಬುದು ಅಲ್ಲಿಯ ಮಕ್ಕಳಿಗೂ ಗೊತ್ತು. ಒಮ್ಮೆ ನೆಟ್ಟ ತೋಟ ಹತ್ತು ಹದಿನೈದು ವರ್ಷ ಸೊಪ್ಪು ಕೊಡುತ್ತದೆ. ಚಿಕ್ಕಬಳ್ಳಾಪುರದ ಸುತ್ತಲಿನ ದ್ರಾಕ್ಷಿಯವರು ಬಳ್ಳಿಯನ್ನು ಸವರಿದ ದಿನದಿಂದ ಲೆಕ್ಕ ಹಿಡಿದು ಫಸಲಿನ ದಿನವನ್ನು ಹೇಳಬಲ್ಲರು. ಸೇವಂತಿಗೆ ಬೆಳೆಯುವವರು ಹೂ ಮುಗಿದ ಮೇಲೆ ಗಿಡವನ್ನು ಕತ್ತರಿಸಿ, ಬುಡದಲ್ಲಿ ಒಡೆದ ಮರಿಗಳನ್ನು ಬಿಡಿಸಿ ಮುಂದಿನ ಬೆಳೆಗೆ ನೆಡುತ್ತಾರೆ. ಸವರುವುದು ಗಿಡವನ್ನು ಎಳೆಯದಾಗಿಸುವ ಕ್ರಮವೆಂಬ ತಿಳಿವಳಿಕೆ ಇಲ್ಲಿಯ ಹೊಲಗಳಲ್ಲಿ ಇದ್ದೇ ಇತ್ತು. ಅದು ಕಚೇರಿಯ ಅಂಗಳದ ಹೂಪಾತಿಗೆ ಮಾತ್ರ ಬರಲಿಲ್ಲ.

ಏಕೆ ಬರಲಿಲ್ಲ? ಒಂದು ಕಾರಣ ನನಗೆ ತೋರುತ್ತದೆ. ನಮ್ಮಲ್ಲಿ ಹೂವಿಗೆ ಬೆಲೆ ಬರುವುದು ಮುಡಿಯಲ್ಲಿ ಅಥವಾ ಗುಡಿಯಲ್ಲಿ. ಮೆಕ್ಸಿಕೋದಿಂದಲೇ ಬಂದ ಚೆಂಡುಹೂ ಬಾಗಿಲ ತೋರಣಕ್ಕೂ ದೇವರ ಹಾರಕ್ಕೂ ಒದಗಿ ನಮ್ಮದೇ ಆಯಿತು. ಅದೇ ದೇಶದ ಸುಗಂಧರಾಜ ಮದುವೆಯ ಮಾಲೆಯನ್ನು ಸೇರಿತು. ಅವು ಹೊರಗಿನವೆಂದು ಇಂದು ಯಾರೂ ಎಣಿಸುವುದಿಲ್ಲ. ಸಾಲ್ವಿಯಕ್ಕೆ ಮುಡಿಯುವಂಥ ಪರಿಮಳವಿಲ್ಲ. ಪೋಣಿಸಹೊರಟರೆ ಹೂ ಉದುರುತ್ತದೆ. ಹಾಗಾಗಿ ಅದು ರೈತನ ಹೊಲಕ್ಕೂ ಬರಲಿಲ್ಲ, ಗೃಹಿಣಿಯ ಹಿತ್ತಿಲಿಗೂ ಬರಲಿಲ್ಲ. ಸಮಾರಂಭಕ್ಕೆ ಬಣ್ಣ ಕೊಡುವ ಸರ್ಕಾರಿ ಹೂವಾಗಿ ಉಳಿಯಿತು. ಸಮಾರಂಭದ ಹೂವಿಗೆ ಸಮಾರಂಭದಷ್ಟೇ ಆಯುಸ್ಸು.

ಪ್ರದರ್ಶನದ ತೋಟಗಾರರನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಲಾಲ್‌ಬಾಗಿನಲ್ಲಿ ಜನವರಿಯಲ್ಲಿಯೂ ಆಗಸ್ಟಿನಲ್ಲಿಯೂ ನಡೆಯುವ ಫಲಪುಷ್ಪ ಪ್ರದರ್ಶನಗಳಿಗೆ ಸರಿಯಾಗಿ ಗೊತ್ತಾದ ದಿನಕ್ಕೆ ಹೂ ಬರಿಸಬೇಕಾದರೆ ಮೂರು ಮೂರೂವರೆ ತಿಂಗಳು ಮುಂಚೆ ಬೀಜ ಹಾಕಿ, ದಿನಗಳನ್ನು ಎಣಿಸಬೇಕು. ಅದು ಸಣ್ಣ ವಿದ್ಯೆಯಲ್ಲ. ಆ ವಿದ್ಯೆಯನ್ನು ತಲೆಮಾರುಗಳಿಂದ ಉಳಿಸಿಕೊಂಡು ಬಂದ ಮಾಲಿಗಳ ಹೆಸರು ಯಾವ ಫಲಕದಲ್ಲಿಯೂ ಇಲ್ಲ. ಮೇಲಾಗಿ ಗೇಣೆತ್ತರದ ಕೆಂಪು ಸಾಲ್ವಿಯ ಎರಡನೆಯ ವರ್ಷಕ್ಕೆ ಬುಡ ಗಟ್ಟಿಯಾಗಿ, ಕದಿರು ಗಿಡ್ಡವಾಗಿ, ಮೊದಲಿನ ಅಂದವನ್ನು ತೋರುವುದಿಲ್ಲ ಎಂಬುದೂ ದಿಟ. ದಿನ ಗೊತ್ತಾದ ಪ್ರದರ್ಶನಕ್ಕೆ ಬೀಜದ ಸಸಿಯೇ ಸರಿ. ಆದರೆ ಮನೆಯ ಹಿತ್ತಿಲು ಪ್ರದರ್ಶನವಲ್ಲ. ಅಲ್ಲಿಗೆ ಬೇರೆ ಆಯ್ಕೆ, ಬೇರೆ ಉಪಚಾರ ಬೇಕು. ಕೇಳುವವರಿಗೆ ಉಪಯೋಗವಾಗಲೆಂದು ನನ್ನ ಅನುಭವದಲ್ಲಿ ಕಂಡದ್ದನ್ನು ಹೇಳುತ್ತೇನೆ.

ಹಿತ್ತಿಲಿಗೆ ಮೂರು ಬಗೆಯ ಸಾಲ್ವಿಯಗಳು ಸಾಕು. ವಿಶಾಲವಾದ ಜಾಗವಿದ್ದರೆ ನಾನು ಹೇಳಿದ ಮೆಕ್ಸಿಕೋದ ನೇರಳೆ ಪೊದೆ. ಅದಕ್ಕೆ ಮೂರಡಿಯ ಅಂತರ ಬೇಕು. ಕಡಿಮೆ ಜಾಗಕ್ಕೆ ಮೆಕ್ಸಿಕೋ ಮತ್ತು ಟೆಕ್ಸಾಸ್ ಸೀಮೆಯ ಫ್ಯಾರಿನೇಸಿಯ. ಹಿಟ್ಟು ಸವರಿದಂಥ ತೆನೆಯ ಮೇಲೆ ನೀಲಿ ಹೂ ಬಿಡುವ ಇದಕ್ಕೆ ಒಂದೂವರೆ ಅಡಿಯ ಅಂತರ ಸಾಕು. ಇವೆರಡಕ್ಕೂ ಪೂರ್ತಿ ಬಿಸಿಲು ಬೇಕು. ಮೂರನೆಯದು ಕೆಂಪು ಸಾಲ್ವಿಯ; ಎತ್ತರವಾಗಿ ಬೆಳೆಯುವ ತಳಿಯನ್ನು ಆರಿಸಿ, ಮಧ್ಯಾಹ್ನದ ಬಿಸಿಲು ತಗಲದ ಕಡೆ ನೆಟ್ಟರೆ ಅದು ಬೇಸಗೆಯನ್ನು ದಾಟುತ್ತದೆ.

ನೆಡಲು ಒಳ್ಳೆಯ ಕಾಲ ಮಳೆ ಹಿಡಿದ ಮೇಲಿನ ಜುಲೈ ತಿಂಗಳು. ನಮ್ಮ ಕೆಮ್ಮಣ್ಣು ಸಾಲ್ವಿಯಕ್ಕೆ ಒಪ್ಪುತ್ತದೆ. ನೀರು ನಿಲ್ಲುವುದು ಮಾತ್ರ ಒಪ್ಪುವುದಿಲ್ಲ. ತಗ್ಗಿನ ಜಾಗವಾದರೆ ಮರಳು, ಗರಸು ಬೆರೆಸಿ ಪಾತಿಯನ್ನು ನಾಲ್ಕು ಬೆರಳು ಎತ್ತರಿಸಬೇಕು. ಕಳಿತ ಕೊಟ್ಟಿಗೆಗೊಬ್ಬರವನ್ನು ವರ್ಷಕ್ಕೊಮ್ಮೆ ಒಂದು ಬುಟ್ಟಿ ಹಾಕಿದರೆ ಸಾಕು. ಪ್ರೀತಿಯಿಂದ ಹೆಚ್ಚು ಗೊಬ್ಬರ ಹಾಕಿದವರಿಗೆ ಎಲೆ ಸಿಗುತ್ತದೆ, ಹೂ ಸಿಗುವುದಿಲ್ಲ. ಗಿಡ ಒಂದಡಿ ಎತ್ತರವಾದಾಗ ಕುಡಿಯನ್ನು ಚಿವುಟಬೇಕು. ಒಂದು ಕುಡಿ ಹೋದ ಕಡೆ ಎರಡು ಒಡೆಯುತ್ತವೆ. ಆದರೆ ನೇರಳೆಯ ಪೊದೆಯನ್ನು ಆಗಸ್ಟ್ ಕಳೆದ ಮೇಲೆ ಚಿವುಟಬಾರದು. ಅದು ಹಗಲು ಚಿಕ್ಕದಾಗುವುದನ್ನು ಗುರುತು ಹಿಡಿದು ಮೊಗ್ಗು ಕಟ್ಟುವ ಗಿಡ; ತಡವಾಗಿ ಚಿವುಟಿದರೆ ಆ ವರ್ಷದ ಹೂವನ್ನೇ ಚಿವುಟಿದಂತೆ.

ಎಲ್ಲಕ್ಕಿಂತ ಮುಖ್ಯವಾದದ್ದು ಹೂ ಮುಗಿದ ಮೇಲಿನ ಕೆಲಸ. ಫೆಬ್ರವರಿಯ ಕೊನೆಗೆ ಕದಿರುಗಳು ಒಣಗಿದಾಗ ಬೇರು ಕೀಳುವ ಕೈ ಕತ್ತರಿಯನ್ನು ಹಿಡಿಯಬೇಕು. ನೇರಳೆಯ ಪೊದೆಯನ್ನು ಬುಡದಲ್ಲಿ ಒಂದು ಗೇಣು ಉಳಿಸಿ, ಹೊಸ ಚಿಗುರಿನ ಕಣ್ಣುಗಳು ಇರುವುದನ್ನು ನೋಡಿಕೊಂಡು ಸವರಬೇಕು. ನೀಲಿಯದನ್ನೂ ಕೆಂಪನ್ನೂ ಅರ್ಧಕ್ಕೆ ಇಳಿಸಿದರೆ ಸಾಕು. ಎಲೆಯಿಲ್ಲದ ಬರಿಯ ಹಳೆಯ ಕಟ್ಟಿಗೆಯವರೆಗೆ ಕೆಂಪು ಸಾಲ್ವಿಯವನ್ನು ಕತ್ತರಿಸಿದರೆ ಅದು ಚಿಗುರದೆ ಹೋಗಬಹುದು. ಸವರಿದ ಬುಡಕ್ಕೆ ತರಗೆಲೆಯ ಹೊದಿಕೆ ಹಾಸಿ, ಬೇಸಗೆಯಲ್ಲಿ ವಾರಕ್ಕೊಮ್ಮೆ ಬೇರಿಗೆ ತಾಕುವಂತೆ ನೀರು ಕೊಡಬೇಕು. ಕೆಂಪಿಗೆ ಎರಡು ಸಲ. ಏಪ್ರಿಲ್ ಬಿಸಿಲಿನಲ್ಲಿ ಎಲೆಯ ಅಡಿಯಲ್ಲಿ ನುಸಿ ಕಂಡರೆ ನೀರನ್ನು ರಭಸವಾಗಿ ಚಿಮುಕಿಸಿ ತೊಳೆಯಬಹುದು.

ನೇರಳೆಯ ಪೊದೆ ತೋಟಗಳಲ್ಲಿ ಬೀಜ ಕಟ್ಟುವುದು ಅಪರೂಪ. ಅದನ್ನು ಕಡ್ಡಿಯಿಂದಲೇ ಬೆಳೆಸಬೇಕು. ಹೂವಿಲ್ಲದ ಎಳೆಯ ಕುಡಿಯನ್ನು ನಾಲ್ಕು ಬೆರಳು ಉದ್ದಕ್ಕೆ, ಗೆಣ್ಣಿನ ಕೆಳಗೆ ಕತ್ತರಿಸಿ, ಕೆಳಗಿನ ಎಲೆಗಳನ್ನು ತೆಗೆದು, ಒದ್ದೆ ಮರಳಿನಲ್ಲಿ ನೆಳಲಿಗಿಟ್ಟರೆ ಎರಡು ಮೂರು ವಾರದಲ್ಲಿ ಬೇರು ಬರುತ್ತದೆ. ಹೊರನಾಡಿನ ಗಿಡವನ್ನು ತರುವಾಗ ಇದನ್ನೂ ಯೋಚಿಸಬೇಕಾಗುತ್ತದೆ. 19ನೆಯ ಶತಮಾನದ ಆದಿಯಲ್ಲಿ ತೋಟದ ಅಲಂಕಾರಕ್ಕೆಂದು ಭಾರತಕ್ಕೆ ತಂದ ಲಂಟಾನ ಇಂದು ನಮ್ಮ ಕಾಡುಗುಡ್ಡಗಳನ್ನೆಲ್ಲ ನುಂಗಿದೆ. ಬೀಜ ಚೆಲ್ಲಿ ಹಬ್ಬದ ಗಿಡದಿಂದ ಅಂಥ ಅಪಾಯ ಕಡಿಮೆ. ಅದು ಮನುಷ್ಯರ ಕೈಯಿಂದ ಕೈಗೆ ಮಾತ್ರ ಹೋಗುತ್ತದೆ.

ಇಷ್ಟು ಉಪಚಾರ ಪಡೆದ ಗಿಡ ತನ್ನ ಪಾಲಿನದನ್ನು ಸಲ್ಲಿಸದೆ ಇರುವುದಿಲ್ಲ. ಸಾಲ್ವಿಯದ ಹೂವಿನೊಳಗೆ ಎರಡೇ ಕೇಸರಗಳು. ಹಲವು ಪ್ರಭೇದಗಳಲ್ಲಿ ಅವು ಏತದ ಮರದಂತೆ ಜೋಡಣೆಗೊಂಡಿರುತ್ತವೆ: ಜೇನಿಗಾಗಿ ದುಂಬಿ ತಲೆ ತೂರಿಸಿ ಒಂದು ತುದಿಯನ್ನು ಒತ್ತಿದರೆ ಇನ್ನೊಂದು ತುದಿ ಬಾಗಿ ಬಂದು ಅದರ ಬೆನ್ನಿಗೆ ಪರಾಗ ಬಳಿಯುತ್ತದೆ. ಜರ್ಮನಿಯ ಸ್ಪ್ರೆಂಗೆಲ್ 1793ರಲ್ಲಿಯೇ ಇದನ್ನು ಗಮನಿಸಿ ಬರೆದ. ಕೆಂಪು ಹೂಗಳು ಮಾತ್ರ ಅಮೆರಿಕದ ಝೇಂಕಾರದ ಹಕ್ಕಿಯ ನೀಳ ಕೊಕ್ಕಿಗಾಗಿ ರೂಪುಗೊಂಡವು. ಆ ಹಕ್ಕಿ ನಮ್ಮಲ್ಲಿಲ್ಲ. ಆದರೆ ಬೆಳಗಿನ ಎಂಟು ಗಂಟೆಯ ಹೊತ್ತಿಗೆ ನಮ್ಮ ಸೂರಕ್ಕಿಗಳು ಬಂದು ಕೆಂಪು ಸಾಲ್ವಿಯದ ಕಡ್ಡಿಗೆ ಜೋತುಬಿದ್ದು, ಬಾಗಿದ ಕೊಕ್ಕನ್ನು ಹೂವಿನೊಳಗಿಳಿಸಿ ಮಧು ಹೀರುವುದನ್ನು ನಾನು ದಿನವೂ ಕಾಣುತ್ತೇನೆ.

ಹೂಗಿಡದ ಆಯುಸ್ಸು ಇಷ್ಟು ದೊಡ್ಡ ವಿಷಯವೇ ಎಂದು ಯಾರಾದರೂ ಕೇಳಬಹುದು. ನಮ್ಮ ಜಿಲ್ಲೆಯಲ್ಲಿ ಇದು ನೀರಿನ ವಿಷಯ. ನಂದಿಯ ಸುತ್ತಿನ ಬೆಟ್ಟಗಳಲ್ಲಿ ಅರ್ಕಾವತಿ, ಚಿತ್ರಾವತಿ, ಪಿನಾಕಿನಿಗಳು ಹುಟ್ಟುತ್ತವೆ. ಆದರೆ ವರ್ಷವಿಡೀ ಹರಿಯುವ ಒಂದು ನದಿಯೂ ನಮಗಿಲ್ಲ. ಕೆರೆಗಳು ಬತ್ತಿ, ಕೊಳವೆಬಾವಿಗಳು ಪಾತಾಳಕ್ಕಿಳಿದ ಮೇಲೆ, ಬೆಂಗಳೂರಿನ ಹೆಬ್ಬಾಳ ಮತ್ತು ನಾಗವಾರ ಕಣಿವೆಗಳ ಕೊಳಚೆ ನೀರನ್ನು ಶುದ್ಧೀಕರಿಸಿ ತಂದು ನಮ್ಮ ಕೆರೆಗಳಿಗೆ ತುಂಬಿಸುವಂತಾಗಿದೆ. ಒಟ್ಟಲು ಪಾತಿಯಲ್ಲಿ ಸಸಿ ಎಬ್ಬಿಸಿ, ನಾಟಿ ಮಾಡಿ, ಎಳೆಯ ಬೇರು ಇಳಿಯುವವರೆಗೆ ದಿನವೂ ನೀರು ಹೊಯ್ಯುವ ಗಿಡಕ್ಕೂ, ಮೂರು ವರ್ಷದ ಬೇರನ್ನು ಆಳಕ್ಕೆ ಬಿಟ್ಟು ವಾರಕ್ಕೊಂದು ಬಿಂದಿಗೆಯಲ್ಲಿ ಸುಧಾರಿಸಿಕೊಳ್ಳುವ ಗಿಡಕ್ಕೂ ಇರುವ ಅಂತರ ಇಂಥ ನಾಡಿನಲ್ಲಿ ಅಲ್ಪವಲ್ಲ. ಹಿಮಕ್ಕೆ ಹೆದರಿದವರ ಪಂಚಾಂಗವನ್ನು ಬರಕ್ಕೆ ಹೆದರಬೇಕಾದ ನಾವು ಪಾಲಿಸುತ್ತಿದ್ದೇವೆ.

ಕಳೆದ ವರ್ಷ ಶಿವರಾತ್ರಿಯ ಮುನ್ನಾದಿನ ಆ ಕಚೇರಿಯ ಅಂಗಳದಲ್ಲಿ ವಯಸ್ಸಾದ ಮಾಲಿಯೊಬ್ಬರು ಸಾಲ್ವಿಯದ ಪಾತಿಯನ್ನು ತೆರವು ಮಾಡುತ್ತಿದ್ದರು. "ಇವನ್ನು ಸವರಿ ಬಿಟ್ಟರೆ ಚಿಗುರುತ್ತವಲ್ಲವೆ, ಅಜ್ಜ?" ಎಂದು ಕೇಳಿದೆ. "ಚಿಗುರದೆ ಏನ್ಮಾಡ್ತವೆ ಸ್ವಾಮಿ? ನಮ್ಮೂರಲ್ಲಿ ಹಿಪ್ಪುನೇರಳೆ ಚಿಗುರಾಕಿಲ್ವಾ? ಕೀಳು ಅಂತಾರೆ, ಕೀಳ್ತೀನಿ" ಎಂದರು. ಆಮೇಲೆ ರಾಶಿಯಿಂದ ಹಸಿರಾಗಿದ್ದ ನಾಲ್ಕು ಗಿಡಗಳನ್ನು ಮಣ್ಣಿನ ಸಮೇತ ಆರಿಸಿ, ಹಳೆಯ ಪತ್ರಿಕೆಯ ಹಾಳೆಯಲ್ಲಿ ಸುತ್ತಿ ನನ್ನ ಕೈಗಿತ್ತರು. ಮರುದಿನ ನಾನು ಅವರಿಗೆ ಬೇರು ಬಿಟ್ಟ ನೇರಳೆಯ ಎರಡು ಕಡ್ಡಿಗಳನ್ನು ಒಯ್ದುಕೊಟ್ಟೆ. ಅವರು ಕೊಟ್ಟ ನಾಲ್ಕರಲ್ಲಿ ಒಂದು ಬೇಸಗೆಯಲ್ಲಿ ಒಣಗಿತು. ಉಳಿದ ಮೂರು ಈ ವರ್ಷವೂ ಹೂ ಬಿಟ್ಟಿವೆ.